ಐದು ಫರ್ಲಾಂಗಿಗೆ ಎಂಟು ಹೆಜ್ಜಿ ಕಮ್ಮಿ

ವಿಜಾಪುರದಿಂದ ತಿಕೋಟಾಕ್ಕೆ ಹೋಗುವ ರಸ್ತೆಯಲ್ಲಿ ನಾಲ್ಕನೇ ಮೈಲುಗಲ್ಲಿನಿಂದ ಏಳನೇ ಮೈಲುಗಲ್ಲಿನತನಕ ಮೂರು ಮೈಲು ಬುಡ್ಡೇಸಾಬನ ಸುಪರ್ದಿಯಲ್ಲಿದ್ದವು. ವಹಿಸಿಕೊಟ್ಟದ್ದು ಸರಕಾರ. ಆದರೆ ಆತ ಮಾತಾಡುವಾಗ ಅಜ್ಜ ಮುತ್ತಾತನಿಂದ ಬಂದ ಹೊಲದ ಬಗ್ಗೆ ಮಾತಾಡಿದಂತೆ ಇರುತ್ತಿತ್ತು. "ನಮ್ಮ ಮೂರು ಮೈಲಿನ್ಯಾಗ ತುಂಬಿದ ಕೊಡ ತಲಿಮ್ಯಾಲ ಇಟಗೊಂಡು ಗಾಡ್ಯಾಗ ಕೂಡ್ರಿ, ನೀರು ತುಳುಕಿದ್ರ ಬಂದು ಕೇಳ್ರಿ" ಎನ್ನುತ್ತಿದ್ದ.

ಆತನ ಕೆಲಸಕ್ಕೆ ಮೈಲಗೂಲಿ ಎಂದು ಹೆಸರು. ಕಿತ್ತುಹೋದ ಖಡಿಗಲ್ಲು ಕೂಡಿಸಿ ಮಣ್ಣು ಹಾಕಿ ಬಡಿಯಬೇಕು, ರಸ್ತೆಯ ಎರಡೂ ಬದಿಯ ಗಟಾರು ತೆಗೆಯಬೇಕು, ಮೈಮೇಲೆ ಬರುವ ಜಾಲಿಕಂಟಿ ಕಡಿಯಬೇಕು, ವರ್ಷಕ್ಕೊಮ್ಮೆ ಕಲ್ಲುಗಳಿಗೆ ಸುಣ್ಣ ಹಚ್ಚಬೇಕು. ಇಬ್ರಾಹಿಂಪುರದಲ್ಲಿ ರೈಲು ಹಳಿಗೆ ಮಗ್ಗುಲಾಗಿ ಅವನ ಎರಡು ಅಂಕಣದ ಮನೆ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ನಾಲ್ಕನೇ ಕಲ್ಲಿನಲ್ಲಿ ಇಳಿದುಬಿಟ್ಟರೆ, ಸಂಜೆ ವಾಪಸು ಬರುವುದು ನಡೆದೇ. ಸೈಕಲ್ಲು ತೊಗೋ ಎಂದು ಎಷ್ಟೋ ಮಂದಿ ಹೇಳಿದ್ದರು. "ಸೈಕಲ್ಲ ಹತ್ತಿದವಗ ರಸ್ತಾ ಕಾಣತೈತಿ, ತಿಳಿಯಾಂಗಿಲ್ಲ" ಎಂದು ತಳ್ಳಿಹಾಕಿದ್ದ.

ಅವನು ಕೆಲಸಕ್ಕೆ ಸೇರಿದ್ದು ಮುಂಬೈ ಸರಕಾರವಿದ್ದಾಗ, ಐವತ್ತಮೂರನೇ ಇಸವಿಯಲ್ಲಿ, ಇಪ್ಪತ್ತೆರಡರ ಹುಡುಗ. ಉರ್ದು ಸಾಲಿಯಲ್ಲಿ ಮೂರು ಇಯತ್ತೆ ಓದಿದ್ದ. ಆಗಿನ ಮೇಸ್ತ್ರಿ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದ: "ಎಲ್ಲಿ ಹೊಂಡ ಬಿದ್ರೂ ಯಾವ ಮೈಲು, ಯಾವ ಫರ್ಲಾಂಗು ಅಂತ ಹೇಳಬೇಕು. ಅಲ್ಲೆಲ್ಲೋ ಜಾಲಿಗಿಡದ ಹತ್ರ ಅಂದ್ರ ನಾ ಕೇಳಾಂವಲ್ಲ." ಫರ್ಲಾಂಗಿಗೆ ಫರ್ಲಾಂಗಿಗೆ ಕಲ್ಲಿದ್ದವು ಖರೆ, ಆದರೆ ಅರ್ಧಕ್ಕರ್ಧ ಬಿದ್ದುಹೋಗಿದ್ದವು. ಹಾಗಾಗಿ ಬುಡ್ಡೇಸಾಬ ಹೆಜ್ಜೆ ಎಣಿಸಲು ಕಲಿತ. ನೂರು ಹೆಜ್ಜೆಯಾದರೆ ಬಲಗಿಸೆಯ ಒಂದು ಹರಳು ಎಡಗಿಸೆಗೆ. ಒಂದು ವರ್ಷ ಎಣಿಸೆಣಿಸಿ ಅವನ ಕಾಲು ಒಂದು ಹದಕ್ಕೆ ಬಂತು. ಫರ್ಲಾಂಗಿಗೆ ಇನ್ನೂರಾ ಎಪ್ಪತ್ತೈದು ಹೆಜ್ಜೆ, ಮೈಲಿಗೆ ಎರಡು ಸಾವಿರದ ಎರಡು ನೂರು. ಬ್ಯಾಸಗಿಯಿರಲಿ, ಮಳೆಯಿರಲಿ, ರಮಜಾನಿನ ರೋಜಾ ಹಿಡಿದ ದಿನವಿರಲಿ, ಹೆಜ್ಜೆ ಒಂದೂ ಹೆಚ್ಚಾಗುತ್ತಿರಲಿಲ್ಲ, ಒಂದೂ ಕಡಿಮೆಯಾಗುತ್ತಿರಲಿಲ್ಲ.

ಆ ದಾರಿಯಲ್ಲಿ ಓಡಾಡುವ ಮಂದಿಗೆ ಅವರವರದೇ ಅಳತೆ. ಮುದುಕರು ಹರದಾರಿ ಎನ್ನುತ್ತಿದ್ದರು. ಕುರಿ ಕಾಯುವವರು ಕೂಗಳತಿ ಎನ್ನುತ್ತಿದ್ದರು. ಘೋಣಸಗಿಯ ರಾಚವ್ವ ಹೊರೆ ಹೊತ್ತು ಬೆಳೆದವಳು. ಅವಳ ಲೆಕ್ಕದಲ್ಲಿ ಘೋಣಸಗಿಯಿಂದ ತಿಕೋಟಾ ಎಂದರೆ "ಎರಡು ಸಲ ಹೊರಿ ಇಳಿಸಿದಷ್ಟು". ಆದರೆ ಡಾಂಬರು ರಸ್ತೆಗೆ ಕಾಲಿಟ್ಟೊಡನೆ ಎಲ್ಲರ ಬಾಯಲ್ಲೂ ಮೈಲು, ಫರ್ಲಾಂಗು. ಇಂಗ್ಲಿಷರು ತಂದ ಮಾತು ಅದು ಎಂಬುದು ಮರೆತೇ ಹೋಗಿತ್ತು. ಅದು ಇಲ್ಲಿಯದೇ, ಬಿಳಿಜೋಳದಷ್ಟೇ ಇಲ್ಲಿಯದು ಎನ್ನುವಂತೆ ಬಳಸುತ್ತಿದ್ದರು.

ಎಪ್ಪತ್ತೊಂದನೇ ಇಸವಿ, ದೀಪಾವಳಿ ಮುಗಿದ ಮೇಲೆ, ಓವರಸಿಯರ ಗುರಲಿಂಗಪ್ಪ ಮೋಟಾರುಸೈಕಲ್ಲಿನ ಮೇಲೆ ಬಂದು ಸುದ್ದಿ ಹೇಳಿದ. ಗುರಲಿಂಗಪ್ಪ ಇನ್ನೂ ಎಳೆಯ, ಡಿಪ್ಲೊಮಾ ಮುಗಿಸಿ ಬಂದು ಒಂದೂವರೆ ವರ್ಷವಾಗಿತ್ತು.

"ಬುಡ್ಡೇಸಾಬ, ಮೈಲುಗಲ್ಲು ಎಲ್ಲಾ ಕೀಳಸಾಕತ್ತೇವಿ. ಕಿಲೋಮೀಟರಿನ ಕಲ್ಲು ಬರತಾವು."

"ಬರಲೇಳ್ರಿ. ಕಿಲೋಮೀಟರ ಅಂದ್ರ ಎಷ್ಟು ಹೆಜ್ಜಿರಿ?"

ಗುರಲಿಂಗಪ್ಪ ನಕ್ಕ. "ಹೆಜ್ಜಿ ಅಲ್ಲಪ್ಪಾ, ಸಾವಿರ ಮೀಟರ."

"ಅದು ನಿಮ್ಮ ಲೆಕ್ಕ ಆತ್ರಿ. ನನ್ನ ಲೆಕ್ಕಾ ನಾ ಮಾಡಕೋತೀನಿ" ಎಂದ ಬುಡ್ಡೇಸಾಬ.

ಕಲ್ಲು ನೆಡುವ ಗುತ್ತಿಗೆ ಹೊರಗಿನವರಿಗೆ ಸಿಕ್ಕಿತ್ತು. ಎಂಟು ಜನರ ಆ ತಂಡಕ್ಕೆ ಅಮರಪ್ಪ ಎಂಬವನು ಮುಖಂಡ. ಗಟ್ಟಿ ಆಳು, ಗಟ್ಟಿ ಗಂಟಲು. ಅವರು ಊರ ಕಡೆಯಿಂದ, ಅಂದರೆ ವಿಜಾಪುರದಿಂದ, ಮೂವತ್ತು ಮೀಟರಿನ ಟೇಪು ಹಿಡಿದು ಅಳೆಯುತ್ತ, ಗೂಟ ಬಡಿಯುತ್ತ, ಕಲ್ಲು ನೆಡುತ್ತ ಬಂದರು. ಹತ್ತು ಹನ್ನೆರಡು ದಿನಗಳಲ್ಲಿ ಬುಡ್ಡೇಸಾಬನ ಭಾಗದಲ್ಲಿ ಏಳರಿಂದ ಹನ್ನೊಂದರವರೆಗಿನ ಕಲ್ಲುಗಳು ಹಳದಿ ತಲೆ, ಬಿಳಿ ಮೈ ಹೊತ್ತು ನಿಂತವು. ಹಳೆಯ ಮೈಲುಗಲ್ಲುಗಳನ್ನು ಕಿತ್ತು ಬದಿಗೆ ಉರುಳಿಸಿದರು. ಏಳನೇ ಮೈಲಿನದನ್ನು ಯಾರೋ ಬಟ್ಟೆ ಒಗೆಯಲು ಹೊತ್ತುಕೊಂಡು ಹೋದರು.

ಕಾಂಕ್ರೀಟು ಒಣಗಿದ ಮರುದಿನ ಬುಡ್ಡೇಸಾಬ ಬುಟ್ಟಿ, ಗುದ್ದಲಿ ಒಂದು ಕಡೆ ಇಟ್ಟು ಕಿಸೆಗೆ ಹರಳು ತುಂಬಿಕೊಂಡ. ಏಳರ ಕಲ್ಲಿನಿಂದ ಎಂಟರ ಕಲ್ಲಿಗೆ ಸಾವಿರದ ಮುನ್ನೂರಾ ಅರವತ್ತೇಳು ಹೆಜ್ಜೆ. ಎಂಟರಿಂದ ಒಂಬತ್ತಕ್ಕೂ ಅಷ್ಟೇ. ಸರಿ, ಕಿಲೋಮೀಟರಿನ ಗುಟ್ಟು ಸಿಕ್ಕಿತು ಎಂದುಕೊಂಡ. ಐದು ಫರ್ಲಾಂಗು ನಡೆದು ಎಂಟು ಹೆಜ್ಜೆ ಹಿಂದಕ್ಕೆ ಬಂದರೆ ಒಂದು ಕಿಲೋಮೀಟರು. ಇಷ್ಟೇ ಅಲ್ಲವೇ ಎಂದು ಖುಷಿಯಿಂದ ಮುಂದೆ ನಡೆದ. ಒಂಬತ್ತರಿಂದ ಹತ್ತಕ್ಕೆ ಸಾವಿರದ ಮುನ್ನೂರಾ ಇಪ್ಪತ್ತಾರಕ್ಕೇ ಕಲ್ಲು ಬಂದುಬಿಟ್ಟಿತು.

ನಿಂತ. ತಿರುಗಿ ಹಿಂದಕ್ಕೆ ಎಣಿಸುತ್ತ ಬಂದ. ಮತ್ತೆ ಅಷ್ಟೇ. ಹತ್ತರಿಂದ ಹನ್ನೊಂದಕ್ಕೆ ನೋಡಿದ, ಅಲ್ಲಿ ಅರವತ್ತೇಳು ಸರಿಯಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ತನ್ನ ಎಣಿಕೆಯ ಮೇಲೆ ಸಂಶಯಪಡುತ್ತಿದ್ದರು. ಬುಡ್ಡೇಸಾಬನಿಗೆ ಆ ಯೋಚನೆ ಬರಲೇ ಇಲ್ಲ. ತಲೆಗೆ ರುಮಾಲು ಸುತ್ತಿಕೊಂಡು ನೆಟ್ಟಗೆ ಅಮರಪ್ಪನ ತಂಡ ಕೆಲಸ ಮಾಡುತ್ತಿದ್ದಲ್ಲಿಗೆ ಹೋದ. ಗುರಲಿಂಗಪ್ಪನೂ ಅಲ್ಲೇ ಇದ್ದ.

"ಸಾಹೇಬ್ರ, ಹತ್ತರ ಕಲ್ಲು ತನ್ನ ಜಾಗಾದಾಗ ಇಲ್ರಿ."

"ಮತ್ತೆಲ್ಲಿ ಐತಿ?"

"ನಲವತ್ತೊಂದು ಹೆಜ್ಜಿ ಊರ ಕಡೆ ನಿಂತೈತ್ರಿ. ಅದರ ಬೆನ್ನಿಗೆ ಹನ್ನೊಂದರದೂ ಹಂಗ ಆಗೈತಿ."

ಅಮರಪ್ಪ ಗಹಗಹಿಸಿ ನಕ್ಕ. ಅವನ ಆಳುಗಳೂ ನಕ್ಕರು. "ಏ ಬುಡ್ಡೇಸಾಬ, ಪ್ಯಾಟ್ಯಾಗಿನ ತೂಕದ ಕಲ್ಲಿಗೆ ಹೊಡದಂಗ ನಿನ್ನ ಕಾಲಿಗೂ ಸರಕಾರದವ್ರು ಮುದ್ರಿ ಹೊಡದಾರೇನು?"

"ಮುದ್ರಿ ಇಲ್ರೆಪಾ. ಆದ್ರ ಹದಿನೆಂಟು ವರ್ಷದಾಗ ಒಮ್ಮಿನೂ ಕಮ್ಮಿ ತೂಗಿಲ್ಲ."

"ನಾವು ಟೇಪು ಹಿಡದು ಅಳದೇವಿ. ನೀ ಕಾಲ ಎತ್ತಿ ಹಾಕಿ ಅಳದೀದಿ. ಯಾರದು ಖರೆ?"

"ನಂದು" ಎಂದ ಬುಡ್ಡೇಸಾಬ. ಜಗಳದ ದನಿಯಲ್ಲ, ಹೊತ್ತು ಎಷ್ಟಾಯಿತು ಎಂದು ಕೇಳಿದವರಿಗೆ ಹೇಳಿದ ಹಾಗೆ. "ಮತ್ತೊಮ್ಮಿ ಅಳೀರಿ. ಕಲ್ಲು ಸರಿ ಇದ್ದದ್ದು ಹೌದಾದ್ರ ನಾ ನಾಳಿಂದ ಈ ರಸ್ತಾಕ್ಕ ಕಾಲು ಇಡಂಗಿಲ್ಲ."

ಗುರಲಿಂಗಪ್ಪ ಅಷ್ಟರಲ್ಲಿ ಮೋರಿಯ ಕಟ್ಟೆಯ ಮೇಲೆ ಕುಳಿತು ಕಿಸೆಯ ಪುಸ್ತಕದಲ್ಲಿ ಪೆನ್ಸಿಲ್ಲು ಓಡಿಸುತ್ತಿದ್ದ. ಕಿಲೋಮೀಟರಿಗೆ ಸಾವಿರದ ಮುನ್ನೂರಾ ಅರವತ್ತೇಳು ಹೆಜ್ಜೆಯಾದರೆ ಒಂದು ಹೆಜ್ಜೆಗೆ ಎಷ್ಟು, ನಲವತ್ತೊಂದಕ್ಕೆ ಎಷ್ಟು. ಪೆನ್ಸಿಲ್ಲು ನಿಂತಿತು. ಇನ್ನೊಮ್ಮೆ ಗುಣಿಸಿದ.

"ಅಮರಪ್ಪ, ನಿನ್ನ ಟೇಪು ಎಷ್ಟು ಮೀಟರಿಂದು?"

"ಮೂವತ್ತರಿ."

"ಈತನ ನಲವತ್ತೊಂದು ಹೆಜ್ಜಿನೂ ಮೂವತ್ತ ಮೀಟರ ಆಗತಾವು."

ನಗು ಅಲ್ಲಿಗೇ ನಿಂತಿತು. ಅಮರಪ್ಪ ಟೇಪು ಎತ್ತಿಕೊಂಡು ನಡೆದ. ಒಂಬತ್ತರಿಂದ ಹತ್ತಕ್ಕೆ ಎಲ್ಲರ ಕಣ್ಣೆದುರಿಗೇ ಅಳೆದರು. ಒಂಬೈನೂರಾ ಎಪ್ಪತ್ತು ಮೀಟರು. ಆ ಭಾಗ ಅಳೆದ ದಿನ ಊಟಕ್ಕೆ ಕೂತು ಎದ್ದ ಮೇಲೆ ಲೆಕ್ಕ ಹಿಡಿದವನು ಒಂದು ಟೇಪಿಗೆ ಎರಡು ಗೀರು ಎಳೆದಿದ್ದ.

ಅಮರಪ್ಪ ದೊಡ್ಡ ಮನಸ್ಸಿನವನು. ಲೆಕ್ಕದವನಿಗೆ ಎರಡು ಮಾತು ಬೈದ, ಬುಡ್ಡೇಸಾಬನ ಹತ್ತಿರ ಬಂದು ತನ್ನ ತಂಬಾಕಿನ ಚಂಚಿ ಬಿಚ್ಚಿ ಮುಂದೆ ಹಿಡಿದ. "ತೊಗೊರಿ ಸಾಬರ. ಇನ್ನ ಮುಂದ ತಿಕೋಟಾ ಮುಟ್ಟೂತನಕ ನಾವು ಟೇಪು ಹಾಕತೇವಿ, ನೀವು ನಿಂದರ್ರಿ ಅಂದಲ್ಲಿ ಕಲ್ಲು ನಿಂದರಸತೇವಿ." ಹತ್ತರಿಂದ ಮುಂದೆ ನೆಟ್ಟಿದ್ದ ಕಲ್ಲುಗಳನ್ನೆಲ್ಲ ಕಿತ್ತು ಮೂವತ್ತು ಮೀಟರು ಮುಂದಕ್ಕೆ ನೆಟ್ಟರು.

ಅಂದು ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಮಾಶಾಬಿ ಕೌದಿ ಹೊಲಿಯುತ್ತಿದ್ದವಳು ಸೂಜಿಯನ್ನು ಅಲ್ಲೇ ಚುಚ್ಚಿಟ್ಟು ಅವನನ್ನು ನೋಡಿದಳು.

"ರಸ್ತಾಕ್ಕ ಕಾಲ ಇಡಂಗಿಲ್ಲ ಅಂದ್ರಿ? ಒಂದು ವ್ಯಾಳ್ಯಾ ಕಲ್ಲು ಸರಿ ಇದ್ದಿದ್ರ?"

"ಸರಿ ಇರಲಿಲ್ಲಲ್ಲ."

"ಇದ್ದಿದ್ರ ಅಂದೆ."

"ಇರಲಿಲ್ಲ ಅಂದೆ" ಎಂದು ಬುಡ್ಡೇಸಾಬ ಕೈಕಾಲು ತೊಳೆಯಲು ಎದ್ದ. ಮಾಶಾಬಿ ಬಹಳ ಹೊತ್ತು ಒಬ್ಬಳೇ ನಗುತ್ತ ಕುಳಿತಳು. ಆಮೇಲೆ ಕೂಗಿ ಕೇಳಿದಳು, "ಹಂಗಾದ್ರ ಇನ್ನ ನೀವು ಮೈಲಗೂಲಿ ಅಲ್ಲ, ಕಿಲೋಮೀಟರಗೂಲಿ ಏನ್ರಿ?"

"ಕರಿಯೂ ಮಂದಿ ನಾಲಿಗಿ ಹೊರಳಿದ್ರ ಕರೀಲಿ" ಎಂದ ಒಳಗಿಂದ.

ನಾಲಿಗೆ ಹೊರಳಲಿಲ್ಲ. ಕಲ್ಲು ಬದಲಾಯಿತು, ಮಾತು ಬದಲಾಗಲಿಲ್ಲ. ವಿಜಾಪುರದಿಂದ ಹನ್ನೆರಡಿದ್ದ ತಿಕೋಟಾ ಹತ್ತೊಂಬತ್ತಾಯಿತೆಂದು ಮಂದಿ ಮೊದಮೊದಲು ಸಿಟ್ಟಾದರು. ನಡೆಯುವವರಿಗೆ ಕಲ್ಲು ನೋಡಿಯೇ ಕಾಲು ನೋಯಲು ಹತ್ತಿತು. ಒಂದು ಸಂಜೆ ರಾಚವ್ವ ಗಂಡನ ಜೊತೆ ಸಂತೆ ಮುಗಿಸಿ ಗಾಡಿಯಲ್ಲಿ ಬರುತ್ತಿದ್ದವಳು, ಬುಡ್ಡೇಸಾಬನನ್ನು ಕಂಡು ಗಾಡಿ ನಿಲ್ಲಿಸಿದಳು. ಅವಳ ಗಂಡ ಯಲಗೂರಪ್ಪನಿಗೆ ಮಾತು ಕಡಿಮೆ. ಮನೆಯ ಮಾತೆಲ್ಲ ರಾಚವ್ವನ ಪಾಲಿಗೆ ಬಂದಿತ್ತು.

"ಏನೋ ಬುಡ್ಡೇಸಾಬ, ತಿಕೋಟಾಕ್ಕ ಕಾಲು ಬಂದಾವೇನು? ಹ್ವಾದ ವರ್ಷ ಹನ್ನೆರಡಕ್ಕಿತ್ತು, ಈಗ ನೋಡಿದ್ರ ಹತ್ತೊಂಬತ್ತಕ್ಕ ಹೋಗಿ ಕುಂತೈತಿ!"

"ರಸ್ತಾ ಅಷ್ಟ ಐತಿಬೇ ರಾಚವ್ವಾ. ಒಂದು ರೊಟ್ಟಿ ಎಂಟು ತುಣುಕು ಮಾಡಿದಿ ಅಂತ ತಿಳಕೋ. ಎಂಟೂ ತುಣುಕು ಕೂಡಿದ್ರ ಮೈಲು. ಐದು ತುಣುಕು ಅಂದ್ರ ಕಿಲೋಮೀಟರ."

ರಾಚವ್ವ ಸ್ವಲ್ಪ ಯೋಚನೆ ಮಾಡಿದಳು. "ಹಂಗಾರ ಉಳದ ಮೂರು ತುಣುಕು ಯಾವಾಂವ ತಿಂದ?"

"ಯಾರೂ ತಿಂದಿಲ್ಲಬೇ. ಅವು ಮುಂದಿನ ಕಿಲೋಮೀಟರಿಗೆ ಹೋಗತಾವು."

"ನನ್ನ ರೊಟ್ಟಿ ಮುರದು ಮಂದಿ ಗಂಗಾಳಕ್ಕ ಹಾಕೂದು ನನಗ ಸೇರಂಗಿಲ್ಲ" ಎಂದಳು ರಾಚವ್ವ. "ನಾ ಸಾಯೂತನಕ ಮೈಲ ಅಂತೀನಿ." ಯಲಗೂರಪ್ಪ ಬಾಯಿ ತೆರೆಯದೆ ನಕ್ಕು ಎತ್ತಿನ ಬಾಲ ಮುಟ್ಟಿದ.

ಹೀಗೆ ಎರಡು ವರ್ಷದ ಮೇಲೆ ಹೋದವು. ಸಾಲಿ ಹುಡುಗರು, ಬಸ್ಸಿನವರು ಕಿಲೋಮೀಟರು ಎಂದರು. ಉಳಿದವರು ಇಲ್ಲದ ಕಲ್ಲುಗಳ ಹೆಸರನ್ನೇ ಹಿಡಿದು ಬದುಕಿದರು. "ಐದನೇ ಮೈಲಿನ ಬಾವಿ", "ಎಂಟನೇ ಮೈಲಿನ ಮೋರಿ". ಇಬ್ಬರ ನಡುವೆ ತಕರಾರು ಬಂದರೆ ಬುಡ್ಡೇಸಾಬನ ಹತ್ತಿರ ಬರುತ್ತಿದ್ದರು. ಆತ ಗುದ್ದಲಿಯ ಮೇಲೆ ಕೈಯೂರಿ ನಿಂತು, ಮೈಲನ್ನು ಫರ್ಲಾಂಗು ಮಾಡಿ, ಫರ್ಲಾಂಗನ್ನು ಐದೈದರ ಕಟ್ಟು ಕಟ್ಟಿ, ಕಟ್ಟಿಗೆ ಎಂಟೆಂಟು ಹೆಜ್ಜೆ ಸರಿಪಡಿಸಿ, ಕಣ್ಣು ಪಿಳುಕಿಸುವುದರೊಳಗೆ ಹೇಳಿಬಿಡುತ್ತಿದ್ದ. ಅವನಿಗೆ ಎರಡೂ ಒಂದೇ ರಸ್ತೆಯ ಎರಡು ಹೆಸರು.

ಎಪ್ಪತ್ತನಾಲ್ಕರ ಮಾರ್ಚಿನಲ್ಲಿ, ಕುಸುಬಿ ರಾಶಿ ಮುಗಿಯುತ್ತ ಬಂದಿದ್ದ ಕಾಲ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಬುಡ್ಡೇಸಾಬ ಆರನೇ ಮೈಲಿನಲ್ಲಿ ಗಟಾರು ತೆಗೆಯುತ್ತಿದ್ದ. ಊರ ಕಡೆಯಿಂದ ದವಾಖಾನೆಯ ಜೀಪು ಬಂದು ಅವನಿಗಿಂತ ಒಂದು ಕೂಗಳತಿ ಈಚೆಗೆ, ಒಂಬತ್ತನೇ ಕಿಲೋಮೀಟರಿನ ಕಲ್ಲಿನ ಬಳಿ ನಿಂತಿತು. ಡ್ರೈವರು ಇಳಿದು ಆಚೆ ಈಚೆ ನೋಡಿದ. ಸ್ವಲ್ಪ ಮುಂದೆ ಬಂದು ತಿರುವಿನ ತನಕ ಕಣ್ಣು ಹಾಯಿಸಿದ. ಮರಳಿ ಹೋಗಿ ಜೀಪನ್ನು ಊರ ಕಡೆಗೆ ತಿರುಗಿಸಲು ಹತ್ತಿದ. ಬುಡ್ಡೇಸಾಬ ಗುದ್ದಲಿ ಬಿಟ್ಟು ದಾಪುಗಾಲು ಹಾಕುತ್ತ ಹೋಗಿ ಅಡ್ಡ ನಿಂತ.

"ಯಾರನ್ನ ಹುಡಕಾಕತ್ತೀರಿ?"

ಜೀಪಿನಲ್ಲಿ ನರ್ಸಬಾಯಿ ಮುಮತಾಜ ಕುಳಿತಿದ್ದಳು. ಇಪ್ಪತ್ತೈದರ ಹರೆಯದವಳು, ತೊಡೆಯ ಮೇಲೆ ಔಷಧದ ಪೆಟ್ಟಿಗೆ. "ಚಾಚಾ, ಇಲ್ಲೆ ಒಂದು ಗಾಡಿ ಮುರದು ಬಿದ್ದದ್ದು ನೋಡೀರೇನು? ಒಬ್ಬ ಮನಷ್ಯಾನ ಕಾಲು ಸಿಕ್ಕೈತಂತ."

"ಇಲ್ಲಿ ಇಲ್ಲವ್ವಾ. ಯಾರ ಹೇಳಿದ್ರು?"

ಬೀಜ ಮಾರುವ ಕಂಪನಿಯವನೊಬ್ಬ ಮೋಟಾರುಸೈಕಲ್ಲಿನಲ್ಲಿ ಬರುವಾಗ ದಾರಿಯಲ್ಲಿ ಒಬ್ಬ ಹೆಣ್ಣುಮಗಳು ಅಡ್ಡ ಬಂದು ಹೇಳಿ ಕಳಿಸಿದ್ದಳಂತೆ. ಅವನು ದವಾಖಾನೆಯ ಬಾಗಿಲಲ್ಲಿ ಹೇಳಿ, ಅವಸರವಿದೆಯೆಂದು ಹೊರಟುಹೋಗಿದ್ದ. ಬಾಗಿಲಿನವನು ಬರೆದುಕೊಂಡ ಚೀಟಿಯನ್ನು ಮುಮತಾಜ ಓದಿದಳು: "ಘೋಣಸಗಿಯವರು. ಗಾಡಿ ಕೆಳಗೆ ಕಾಲು. ೯ ಕಲ್ಲು, ೨ ಫ."

"ಒಂಬತ್ತರ ಕಲ್ಲು ಇದ. ಎರಡು ಫೂಟು ಅಂದ್ರ ಕಲ್ಲಿನ ಮಗ್ಗಲಕ್ಕ ಇರಬೇಕು" ಎಂದ ಡ್ರೈವರು. "ಇಲ್ಲಿ ಒಂದು ನಾಯಿನೂ ಇಲ್ಲ. ಚೀಟ್ಯಾಗ ಯಾವ ರಸ್ತಾ ಅಂತನೂ ಬರದಿಲ್ಲ. ಬಬಲೇಶ್ವರ ರಸ್ತಾದಾಗಿನ ಒಂಬತ್ತರ ಕಲ್ಲು ಇರಬೇಕು. ಹಿಂದಕ್ಕ ಹೋಗಿ ಆ ಕಡೆ ನೋಡತೇವಿ."

"ಹಿಂದಕ್ಕ ಹೋಗಬ್ಯಾಡ್ರಿ. ಮುಂದಕ್ಕ ನಡೀರಿ" ಎಂದ ಬುಡ್ಡೇಸಾಬ.

"ಯಾಕ?"

"ನೆತ್ತರ ಸೋರೂ ಮನಷ್ಯಾನ್ನ ಬಾಜೂಕ ಇಟಗೊಂಡು ಕಲ್ಲಿಂದ ಎರಡು ಫೂಟು ಅಂತ ಯಾರ ಅಳಕೋತ ಕೂಡತಾರ್ರಿ? ಫ ಅಂದ್ರ ಫೂಟು ಅಲ್ಲ, ಫರ್ಲಾಂಗು. ಫರ್ಲಾಂಗು ಬಂತು ಅಂದ್ರ ಅದರ ಮುಂದಿನ ಒಂಬತ್ತು ಮೈಲಿಂದ. ಕಿಲೋಮೀಟರಿನ ಮಂದಿ ಮೀಟರ ಅಂತಾರ, ಫರ್ಲಾಂಗ ಅನ್ನಂಗಿಲ್ಲ."

"ಮೈಲುಗಲ್ಲು ಕಿತ್ತು ಎರಡು ವರ್ಷದ ಮ್ಯಾಲ ಆಗೈತೋ ಮಾರಾಯ!"

"ಕಿತ್ತವ್ರ ಜೋಡಿ ನಾನೂ ಇದ್ನಿ. ಘೋಣಸಗಿ ಮಂದಿಗೆ ಅವು ಇನ್ನೂ ನಿಂತಾವು."

ಡ್ರೈವರು ಚಾವಿ ತಿರುವಿ, ನರ್ಸಬಾಯಿಯ ಮುಖ ನೋಡಿದ. ಬಬಲೇಶ್ವರದ ದಾರಿ ಹಿಡಿಯಬೇಕೆಂದರೆ ಊರಿಗೆ ಮರಳಿ, ಸಿದ್ಧೇಶ್ವರ ಗುಡಿಯ ಗದ್ದಲ ದಾಟಿ ಆ ಕಡೆ ಹೋಗಬೇಕು. ಹೋಗಿ ನೋಡಿ ಇಲ್ಲವೆಂದು ಬರುವಷ್ಟರಲ್ಲಿ ತಾಸಿನ ಮೇಲಾಗುತ್ತದೆ. ಮುಮತಾಜ ಬುಡ್ಡೇಸಾಬನನ್ನೇ ದಿಟ್ಟಿಸಿದಳು.

"ಚಾಚಾ, ತಪ್ಪಿದ್ರ ಒಂದು ಜೀವದ ಮಾತು."

"ತಪ್ಪಂಗಿಲ್ಲವ್ವಾ. ಒಂಬತ್ತು ಮೈಲು ಎರಡು ಫರ್ಲಾಂಗು ಅಂದ್ರ ಎಪ್ಪತ್ತನಾಕು ಫರ್ಲಾಂಗು. ಹದಿನೈದರ ಕಲ್ಲಿಗೆ ನೂರಾ ಐವತ್ತೈದು ಹೆಜ್ಜಿ ಉಳದಿರೂವಾಗ ಗಾಡಿ ಸಿಗತೈತಿ."

"ಹತ್ರಿ" ಎಂದಳು ಮುಮತಾಜ, ಪೆಟ್ಟಿಗೆ ಸರಿಸಿ ಜಾಗ ಮಾಡಿ.

ಬುಡ್ಡೇಸಾಬ ಆ ರಸ್ತೆಯನ್ನು ಜೀಪಿನಲ್ಲಿ ಕುಳಿತು ನೋಡಿದ್ದು ಅದೇ ಮೊದಲು. ಕಲ್ಲುಗಳು ಎಷ್ಟು ಬೇಗ ಬೇಗ ಬರುತ್ತಿದ್ದವೆಂದರೆ ಯಾರೋ ಹತ್ತಿರ ಹತ್ತಿರ ತಂದು ನೆಟ್ಟಂತಿತ್ತು. ಹತ್ತು, ಹನ್ನೊಂದು. ಅಲ್ಲಿಗೆ ಅವನ ಭಾಗ ಮುಗಿಯಿತು. ಅಲ್ಲಿಂದ ಮುಂದಿನ ಮೂರು ಮೈಲಿನ ಗೂಲಿ ಪಿಂಚಣಿಗೆ ಹೋಗಿ ನಾಲ್ಕು ತಿಂಗಳಾಗಿತ್ತು, ಹೊಸಬ ಬಂದಿರಲಿಲ್ಲ. ಜೀಪು ಕುಕ್ಕಲು ಹತ್ತಿತು. ಹನ್ನೆರಡು. ಹದಿಮೂರರಲ್ಲಿ ಎದುರಿಗೆ ಉದ್ದಕ್ಕೂ ರಸ್ತೆ ಬಯಲಾಗಿ ಕಂಡಿತು, ಮೇಲೆ ಏನೂ ಇರಲಿಲ್ಲ. ಡ್ರೈವರು ಒಮ್ಮೆ ತಿರುಗಿ ಅವನ ಮುಖ ನೋಡಿದ. ಲೆಕ್ಕದ ಬಗ್ಗೆ ಬುಡ್ಡೇಸಾಬನಿಗೆ ಅನುಮಾನವಿರಲಿಲ್ಲ. ಆದರೆ ಆ ಮೋಟಾರುಸೈಕಲ್ಲಿನವನು ಕೇಳಿದ್ದನ್ನು ಕೇಳಿದಂತೆ ಹೇಳಿದ್ದಾನೋ ಇಲ್ಲವೋ ಎಂಬ ಸಂಶಯ ಒಮ್ಮೆ ಬಂತು. ಅದನ್ನು ಮುಖಕ್ಕೆ ಬರಗೊಡಲಿಲ್ಲ.

"ಹದಿನಾಕು ಬಂತು" ಎಂದ ಡ್ರೈವರು.

"ಇನ್ನ ಸಾವಿರದ ಎರಡು ನೂರು ಹೆಜ್ಜಿ. ತಿರುವು ದಾಟು."

ತಿರುವು ದಾಟಿದೊಡನೆ ಗಾಡಿ ಕಂಡಿತು. ಅಚ್ಚು ಮುರಿದು ಒಂದು ಗಾಲಿ ಮಲಗಿತ್ತು. ಕುಸುಬಿಯ ಚೀಲಗಳು ರಸ್ತೆಯ ತುಂಬ. ಎತ್ತುಗಳನ್ನು ಬಿಚ್ಚಿ ಬದಿಗೆ ಕಟ್ಟಿದ್ದರು. ಗಾಡಿಯ ನೆರಳಿನಲ್ಲಿ ಯಲಗೂರಪ್ಪ ಅಂಗಾತ ಬಿದ್ದಿದ್ದ. ದಾರಿಹೋಕರಿಬ್ಬರು ಗಾಡಿ ಎತ್ತಿ ಅವನನ್ನು ಹೊರಗೆಳೆದಿದ್ದರು. ಮೊಣಕಾಲಿನ ಮೇಲೆ ರಾಚವ್ವ ತನ್ನ ಸೆರಗನ್ನೇ ಹರಿದು ಬಿಗಿದು ಕಟ್ಟಿದ್ದಳು, ಅದು ನೆನೆದು ಕಪ್ಪಾಗಿತ್ತು. ಜೀಪು ಕಂಡವಳೇ ಎದ್ದು ನಿಂತಳು. ಅಷ್ಟು ಹೊತ್ತಿನ ಭಯವೆಲ್ಲ ಸಿಟ್ಟಾಗಿ ಹೊರಬಂತು.

"ಎಷ್ಟೊತ್ತ ಮಾಡೀರಿ! ಒಂಬತ್ತು ಮೈಲು ಎರಡು ಫರ್ಲಾಂಗು ಅಂತ ಸಣ್ಣ ಕೂಸಿಗೆ ಹೇಳಿದಂಗ ಹೇಳಿ ಕಳಿಸೇನಿ. ಅಷ್ಟೂ ತಿಳಿಯಾಂಗಿಲ್ಲೇನು ಪ್ಯಾಟಿ ಮಂದಿಗೆ?"

ಮುಮತಾಜ ಆಗಲೇ ಕೆಳಗೆ ಕೂತು ಗಾಯ ನೋಡುತ್ತಿದ್ದಳು. ಹೊಸ ಪಟ್ಟಿ ಬಿಗಿದಳು, ಎರಡು ಹಲಗೆ ಇಟ್ಟು ಕಾಲು ಕಟ್ಟಿದಳು, ಸೂಜಿ ಚುಚ್ಚಿದಳು. ನಾಲ್ವರು ಸೇರಿ ಯಲಗೂರಪ್ಪನನ್ನು ಜೀಪಿಗೆ ಏರಿಸಿದರು. ಅಷ್ಟು ನೋವಿನಲ್ಲೂ ಅವನು ಬಾಯಿ ತೆರೆದದ್ದು ಒಂದೇ ಮಾತಿಗೆ: "ಎತ್ತು."

"ಎತ್ತು ನಾ ನೋಡಕೋತೀನಿ, ನೀ ನಡಿ" ಎಂದ ಬುಡ್ಡೇಸಾಬ.

ರಾಚವ್ವ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಡ್ರೈವರು ಜೀಪು ತಿರುಗಿಸುವಾಗ ಹದಿನೈದರ ಕಲ್ಲು ಅವನ ಕಣ್ಣಿಗೆ ಬಿತ್ತು, ಕೂಗಿದರೆ ಕೇಳುವಷ್ಟು ದೂರದಲ್ಲಿ. ಬುಡ್ಡೇಸಾಬನಿಗೆ ಕೈ ಎತ್ತಿ ಹೊರಟುಹೋದ.

ಚೀಲಗಳನ್ನು ಬದಿಗೆ ಹೊಂದಿಸಿ, ಎತ್ತುಗಳಿಗೆ ನೀರು ಕುಡಿಸಿ ಬಂದ ಮೇಲೆ ಬುಡ್ಡೇಸಾಬ ಗಾಡಿ ಮುರಿದ ಜಾಗವನ್ನು ನೋಡಿದ. ಮೊಳಕಾಲುದ್ದದ ಹೊಂಡ, ಅಂಚು ಹರಿದು ಚೂಪಾಗಿತ್ತು. ಮಳೆಗಾಲದಿಂದ ಯಾರೂ ಮುಟ್ಟಿರಲಿಲ್ಲ. ತನ್ನ ಭಾಗವಲ್ಲ, ಹೌದು. ಆದರೂ ನೆಂಟರ ಮನೆಯಲ್ಲಿ ಯಾರೋ ಹಸಿದು ಮಲಗಿದ್ದನ್ನು ನೋಡಿದಷ್ಟು ಕೆಟ್ಟದೆನಿಸಿತು ಅವನಿಗೆ. ಘೋಣಸಗಿಯಿಂದ ಯಲಗೂರಪ್ಪನ ಅಣ್ಣತಮ್ಮಂದಿರು ಬಂದು ಎತ್ತು, ಚೀಲ ಒಯ್ಯುವವರೆಗೆ ಆ ಹೊಂಡದ ಸುತ್ತ ಕಲ್ಲು ಇಡುತ್ತ, ಬರುವ ಗಾಡಿಗಳನ್ನು ಬದಿಗೆ ತಿರುಗಿಸುತ್ತ ನಿಂತ.

ಅದೇ ಮಧ್ಯಾಹ್ನ ಗುರಲಿಂಗಪ್ಪ ತಪಾಸಣೆಗೆ ಬಂದಿದ್ದ. ಆರನೇ ಮೈಲಿನಲ್ಲಿ ಗುದ್ದಲಿ ಇತ್ತು, ಬುಟ್ಟಿ ಇತ್ತು, ಬುಡ್ಡೇಸಾಬ ಇರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಮರುದಿನ ಬೆಳಗ್ಗೆ ಬಂದು ಕೇಳಿದ.

"ನಿನ್ನೆ ಎಲ್ಲಿದ್ದಿ?"

"ಹತ್ತನೇ ಮೈಲಿನ್ಯಾಗ್ರಿ."

"ಅದು ನಿನ್ನ ಭಾಗ ಅಲ್ಲಲ್ಲ."

"ಯಾರದೂ ಅಲ್ರಿ ಸಾಹೇಬ್ರ, ಅದಕ್ಕ ಒಬ್ಬನ ಕಾಲು ಮುರದೈತಿ." ನಡೆದದ್ದನ್ನೆಲ್ಲ ಹೇಳಿದ. ಹೇಳಿ ಮುಗಿಸಿ, ತಪ್ಪು ಮಾಡಿದವನಂತೆ ನಿಲ್ಲದೆ, ಸಾಲ ಕೇಳುವವನಂತೆಯೂ ನಿಲ್ಲದೆ, ಗುದ್ದಲಿಯನ್ನು ಹೆಗಲಿಗೇರಿಸಿಕೊಂಡೇ ಕೇಳಿದ: "ಹೊಸಬ ಬರೂತನಕ ಆ ಮೂರು ಮೈಲನೂ ನನಗ ಕೊಡ್ರಿ."

"ಒಬ್ಬಂಗ ಆರು ಮೈಲು ಆಗತೈತೇನು?"

"ಆಗಲಾರದು ಅಂತ ತಿಳಿದಿದ್ರ ಕೇಳತಿದ್ದಿಲ್ರಿ."

ಗುರಲಿಂಗಪ್ಪ ಪುಸ್ತಕ ತೆಗೆದ. ನಿನ್ನೆಯ ದಿನದ ಮುಂದೆ ಹಾಜರ್ ಎಂದು ಬರೆದ. ಕೆಳಗಿನ ಸಾಲಿನಲ್ಲಿ ಕಿಲೋಮೀಟರಿನ ಲೆಕ್ಕ ಹಾಕಲು ಹೊರಟ. "ಹತ್ತಕ್ಕ ಸ್ವಲ್ಪ ಕಮ್ಮಿ ಬರತೈತ್ರಿ, ಮುನ್ನೂರಾ ನಲವತ್ತು ಮೀಟರ ಅಂತ ತಿಳೀರಿ" ಎಂದ ಬುಡ್ಡೇಸಾಬ. ಗುರಲಿಂಗಪ್ಪ ಪೆನ್ಸಿಲ್ಲು ಓಡಿಸಿ ನೋಡಿ, ತಲೆ ಅಲ್ಲಾಡಿಸುತ್ತ ಹಾಗೆಯೇ ಬರೆದುಕೊಂಡ.

ಹೊಸಬ ಬಂದದ್ದು ಒಂದು ವರ್ಷದ ಮೇಲೆ. ಅಷ್ಟರಲ್ಲಿ ಆರೂ ಮೈಲು ಒಂದೇ ಕೈಯ ಕೆಲಸವೆಂದು ಬಸ್ಸಿನ ಡ್ರೈವರುಗಳು ಕಣ್ಣು ಮುಚ್ಚಿ ಹೇಳುವಂತಾಗಿತ್ತು. ಬುಡ್ಡೇಸಾಬ ಮೊದಲ ವಾರದಲ್ಲೇ ಆ ಹೊಂಡ ಮುಚ್ಚಿದ್ದ. ಹರಿದ ಅಂಚನ್ನು ನೆಟ್ಟಗೆ ಕಡಿದು, ಕೆಳಗೆ ದಪ್ಪ ಕಲ್ಲು, ಮೇಲೆ ಖಡಿ, ಅದರ ಮೇಲೆ ಗೊರಚು ಮಣ್ಣು ಹಾಕಿ, ನೀರು ಹೊಡೆದು, ಎರಡು ದಿನ ಬಡಿದಿದ್ದ. ಗುರಲಿಂಗಪ್ಪನಿಗೆ ದುಂಬಾಲು ಬಿದ್ದು ಮೇಲೆ ಡಾಂಬರನ್ನೂ ಹಾಕಿಸಿದ್ದ.

ಅದೇ ವರ್ಷ ಜೂನಿನಲ್ಲಿ, ಮಿರಗ ಮಳೆ ಎರಡು ಸಲ ಬಂದುಹೋದ ಮೇಲೆ, ಒಂದು ದಿನ ಹೊಸ ಅಚ್ಚಿನ ಗಾಡಿಯೊಂದು ಹತ್ತನೇ ಮೈಲಿನಲ್ಲಿ ಬುಡ್ಡೇಸಾಬ ಕೆಲಸ ಮಾಡುತ್ತಿದ್ದಲ್ಲಿ ನಿಂತಿತು. ಹೊಡೆಯುತ್ತಿದ್ದವಳು ರಾಚವ್ವ. ಹಿಂದಿನಿಂದ ಯಲಗೂರಪ್ಪ ಕೋಲೂರಿ ನಿಧಾನಕ್ಕೆ ಇಳಿದ. ಕಾಲು ಒಂದಿಷ್ಟು ಗಿಡ್ಡಾಗಿತ್ತು, ಆದರೆ ನೆಲಕ್ಕೆ ಹತ್ತುತ್ತಿತ್ತು.

"ಹೊಂಡ ನೋಡಬೇಕಂತ" ಎಂದಳು ರಾಚವ್ವ. "ಮೂರು ತಿಂಗಳಿಂದ ಒಂದ ಜಪಾ ಹಚ್ಯಾನ, ಹೊಂಡ ನೋಡಬೇಕು, ಹೊಂಡ ನೋಡಬೇಕು."

ಯಲಗೂರಪ್ಪ ಕೋಲಿನಿಂದ ರಸ್ತೆಯನ್ನು ಕುಟ್ಟುತ್ತ ಹತ್ತು ಮಾರು ಮುಂದೆ ಹೋದ. ಹಿಂದೆ ಬಂದ. ಬಗ್ಗಿ ನೋಡಿದ.

"ಇಲ್ಲೇ ಇತ್ತು" ಎಂದ ಕೊನೆಗೆ.

"ಅಲ್ಲ, ಮುಂದ" ಎಂದಳು ರಾಚವ್ವ ಗಾಡಿಯ ಮೇಲಿಂದ. "ಆ ಜಾಲಿ ಕಂಟಿಗೆ ಸರಿಯಾಗಿ."

"ನನ್ನ ಕಾಲು ಮುರದದ್ದು ನನಗ ಗೊತ್ತಿಲ್ಲೇನು? ಇಲ್ಲೇ."

"ನಿನಗೆಲ್ಲಿ ಶುದ್ಧಿ ಇತ್ತು? ಮುಂದ ಅಂದೆ."

ಇಬ್ಬರೂ ಬುಡ್ಡೇಸಾಬನ ಕಡೆ ತಿರುಗಿದರು. ಅವನಿಗೆ ಆ ಜಾಗ ಅಂಗೈಯಷ್ಟು ಗೊತ್ತಿತ್ತು. ಯಲಗೂರಪ್ಪನ ಕೋಲಿಗೂ ಜಾಲಿ ಕಂಟಿಗೂ ನಡುವೆ, ನೆಟ್ಟಗೆ ಅವರ ಗಾಡಿಯ ಬಲಗಾಲಿಯ ಕೆಳಗೆ ಇತ್ತು ಅದು. ಹೇಳಲಿಲ್ಲ. ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತ, "ಹುಡಕ್ರಿ, ಹುಡಕ್ರಿ, ಸಿಕ್ರ ಕರೀರಿ" ಎಂದು ಖಡಿಯ ಬುಟ್ಟಿ ತಲೆಗೇರಿಸಿಕೊಂಡು ನಡೆದ.